ಹಾಲು ತರಲು ಹೋದವರ ದಾರಿ ಕಾಯುತ್ತಾ

ಡಿಕಾಕ್ಷನ್ ಇಳಿದು ಆರುತ್ತಿದೆ, ಹಾಲು ಬಂದಿಲ್ಲ. ರುಬೀನಾ ಅಡುಗೆಮನೆಯಿಂದ ಗೇಟಿಗೆ, ಗೇಟಿನಿಂದ ಅಡುಗೆಮನೆಗೆ ಸುಳಿದಾಡುತ್ತಿದ್ದಾರೆ. ಭದ್ರಾವತಿಯ ಹೊಸಮನೆ ಬಡಾವಣೆಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೀದಿಯ ತುದಿಯಲ್ಲಿ ಯಾರೋ ಬಂದಂತಾಗುತ್ತದೆ. ಹತ್ತಿರ ಬಂದರೆ ಪೇಪರ್ ಹಾಕುವವ.

ಹಾಲಿಗೆ ಹೋದವರು ಹಿರಿಯಣ್ಣ. ಕಾರ್ಖಾನೆಯ ಕುಲುಮೆಯ ಮುಂದೆ ಆಯುಸ್ಸು ಸವೆಸಿ, ಈಗ 'ತಂಗಾಳಿ' ಎಂಬ ಈ ವೃದ್ಧರ ಆರೈಕೆ ಕೇಂದ್ರದಲ್ಲಿ ಇರುವವರು. ಮರೆವು ಅವರಿಗೆ ಮಂಜಿನ ಹಾಗೆ, ಕವಿಯುತ್ತದೆ, ಸರಿಯುತ್ತದೆ. ಹೋದ ವಾರ ಹಾಲಿನ ಬೂತು ದಾಟಿ ಬಸ್ ಸ್ಟ್ಯಾಂಡಿನವರೆಗೆ ನಡೆದುಬಿಟ್ಟಿದ್ದರು. ಕೇಂದ್ರ ನಡೆಸುವ ವಿಷ್ಣುಪ್ರಸಾದ ಅಂದೇ ಹೊಸ ಬೀಗವೊಂದನ್ನು ತಂದು ಮೇಜಿನ ಮೇಲಿಟ್ಟಿದ್ದಾರೆ. ಇನ್ನೊಂದು ಸಲ ಹೀಗಾದರೆ ಅದು ಗೇಟಿಗೆ ಬೀಳುತ್ತದೆ, ಒಬ್ಬರಿಗಲ್ಲ, ಎಲ್ಲರಿಗೂ.

ರುಬೀನಾ ಇಲ್ಲಿ ಆಯಾ. ಶಿವಮೊಗ್ಗದಿಂದ ಮೊದಲ ಬಸ್ಸಿಗೆ ಬರುತ್ತಾರೆ. ಗಂಡ ಇಲಿಯಾಸ್ ಮೆಕ್ಯಾನಿಕ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಲ್ಲಿ ಹೆಸರುಗಳೇ ಇರಲಿಲ್ಲ, ಮಂಚದ ನಂಬರುಗಳಿದ್ದವು. ಗಂಟೆ ಹೊಡೆದರೆ ಎಲ್ಲರೂ ಏಳಬೇಕು, ಸಾಲಾಗಿ ಸ್ನಾನ. ಊಟ ಹೊರಗಿನಿಂದ ಕ್ಯಾರಿಯರಿನಲ್ಲಿ ಬರುತ್ತಿತ್ತು. "ಫಿನಾಯಿಲ್ ವಾಸನೆ ಇತ್ತು, ಪೌಡರ್ ವಾಸನೆ ಇತ್ತು. ಒಗ್ಗರಣೆ ವಾಸನೆ ಒಂದೇ ಇರಲಿಲ್ಲ," ಎನ್ನುತ್ತಾರೆ.

ಎಲ್ಲ ತಿರುಗಿದ್ದು ಒಂದು ಮಾತಿನಿಂದ. ಒಂದು ಸಂಜೆ ಮೈಯೆಲ್ಲ ನೋವು, ಬಸ್ಸಿಗೆ ತಡವಾಗಿತ್ತು. ನಿವೃತ್ತ ಟೀಚರ್ ಶಾಮಲಮ್ಮನಿಗೆ ಮಾತ್ರೆ ಕೊಟ್ಟು, "ಡ್ಯೂಟಿ ಮುಗೀತು, ಹೋಗ್ತೀನಿ," ಎಂದುಬಿಟ್ಟರು. ಶಾಮಲಮ್ಮ ಕನ್ನಡಕ ಸರಿಸಿ, ಮನೆಯಿಂದ ಹೊರಡುವವರು ಹಾಗನ್ನುತ್ತಾರೇನೇ ಮಾರಾಯ್ತಿ, ಹೋಗಿ ಬರ್ತೀನಿ ಅನ್ನಬೇಕು ಎಂದು ತಿದ್ದಿದರು. ದಣಿದ ನಾಲಿಗೆ ತಡೆಯಲಿಲ್ಲ. "ಇದು ಮನೆ ಅಲ್ವಲ್ಲಮ್ಮಾ."

ಶಾಮಲಮ್ಮ ಗೋಡೆಯ ಕಡೆ ಹೊರಳಿದರು. ಆ ಹೊತ್ತಿನ ಊಟ ಮುಟ್ಟಲಿಲ್ಲ.

ಬಸ್ಸಿನುದ್ದಕ್ಕೂ ರುಬೀನಾಗೆ ಚಡಪಡಿಕೆ. "ನಮ್ಮಲ್ಲೂ ಹೊರಡುವಾಗ 'ಆತೂಂ' ಅಂತೀವಿ, ಬರ್ತೀನಿ ಅಂತ. 'ಜಾತೂಂ', ಹೋಗ್ತೀನಿ ಅಂದ್ರೆ ಅಮ್ಮಿ ಬಾಯಿ ಮೇಲೆ ಹೊಡೀತಿದ್ಲು. ಇಲ್ಲಿ ಮಾತ್ರ ಯಾಕೆ ಹಾಗಂದೆ?"

ಮರುದಿನ ಕ್ಷಮೆ ಕೇಳುವ ಬದಲು ಒಂದು ಬುಟ್ಟಿ ಹುರುಳಿಕಾಯಿ ತಂದು ಶಾಮಲಮ್ಮನ ಮಂಚದ ಮೇಲೆ ಸುರಿದರು. ನಾರು ತೆಗೆಯುತ್ತಾ ಟೀಚರ್ ಬೈದರು, ಬೈಯುತ್ತಾ ಉಂಡರು. ಅಲ್ಲಿಂದ ಅಡುಗೆಮನೆಯ ಬಾಗಿಲು ತೆರೆಯಿತು, ಗಂಟೆ ಅಟ್ಟ ಸೇರಿತು, ಮಲಗುವವರು ಬಿಸಿಲೇರುವ ತನಕ ಮಲಗಿದರು. ಸುಲಭಕ್ಕೇನೂ ಆಗಲಿಲ್ಲ. ಜೊತೆಯ ಆಯಾಗಳು, ನೀನು ಮಹಾರಾಣಿ, ಕೆಲಸ ಹೆಚ್ಚಿದ್ದು ನಮಗೆ ಎಂದು ಚುಚ್ಚಿದರು. ದುಡ್ಡು ಕೊಟ್ಟು ಅಮ್ಮನ ಕೈಲಿ ತರಕಾರಿ ಹೆಚ್ಚಿಸಬೇಕಾ ಎಂದು ಶಾಮಲಮ್ಮನ ಮಗ ಪ್ರಕಾಶ್ ರೇಗಿದ. ನೀನು ಬರೋದಾದ್ರೆ ನಿನಗೂ ಒಂದು ಚಾಕು ಇದೆ ಎಂದು ತಾಯಿಯೇ ಅವನ ಬಾಯಿ ಮುಚ್ಚಿಸಿದರು.

ಹಳೆಯ ಕಥೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗಿರುತ್ತದೆ. ಇಲ್ಲಿಯವರ ಜೀವವೂ ಹಾಗೇ ಎಲ್ಲೆಲ್ಲೋ ಅಡಗಿರುತ್ತದೆ, ಹುಡುಕಿ ತೆಗೆಯಬೇಕು. ಒಬ್ಬರದು ಹೂಬತ್ತಿಯಲ್ಲಿ, ಇನ್ನೊಬ್ಬರದು ಹಳೇ ಟ್ರಾನ್ಸಿಸ್ಟರಿನಲ್ಲಿ. ಮುಂಜಾನೆ ಎದ್ದು ಗೇಟು ಹಿಡಿದು ಅಲುಗಾಡಿಸುತ್ತಿದ್ದ ಹಿರಿಯಣ್ಣನಿಗೆ ಹಿಂದೆ ನಿದ್ದೆ ಮಾತ್ರೆ ಕೊಡುತ್ತಿದ್ದರು. ರುಬೀನಾ ಒಂದು ದಿನ, ಎಲ್ಲಿಗೆ ಅಜ್ಜಾ ಎಂದು ಕೇಳಿದರು. ಹಾಲಿಗೆ, ಇನ್ನೆಲ್ಲಿಗೆ ಎಂದರು ಅವರು. ಜೀವ ಇದ್ದದ್ದು ಹಾಲಿನ ಚೀಲದಲ್ಲಿ. ಮರುದಿನದಿಂದ ಅದು ಅವರ ಕೈಗೆ ಬಂತು.

ಇಂದು ಆ ಚೀಲ ಹಿಡಿದು ಹೋದವರ ಸುಳಿವಿಲ್ಲ. ಅವರ ಅಂಗಿ ಜೇಬಿನೊಳಗೆ ರುಬೀನಾ ಫೋನ್ ನಂಬರ್ ಹೊಲಿದಿದ್ದಾರೆ, ಆದರೂ ಮನಸ್ಸು ನಿಲ್ಲುತ್ತಿಲ್ಲ. ಬೂತಿನ ಮಧುವಿಗೆ ಫೋನಾಯಿಸಿದರೆ, ಆಗಲೇ ಹೊರಟರಲ್ಲಕ್ಕಾ ಎನ್ನುತ್ತಾನೆ. ರುಬೀನಾ ಚಪ್ಪಲಿ ಮೆಟ್ಟುವಷ್ಟರಲ್ಲಿ ವಿಷ್ಣುಪ್ರಸಾದರ ಕಾರು ಬಂದು ನಿಲ್ಲುತ್ತದೆ. ಅವರು ಹಿರಿಯಣ್ಣನ ಖಾಲಿ ಕುರ್ಚಿ ನೋಡುತ್ತಾರೆ, ಒಳಗೆ ಹೋಗಿ ಬೀಗ ಹಿಡಿದು ಬರುತ್ತಾರೆ. ಅವರದೂ ತಪ್ಪಲ್ಲ. ಏನಾದರೂ ಆದರೆ ಉತ್ತರ ಹೇಳಬೇಕಾದವರು ಅವರೇ.

"ಬೀಗ ಆಮೇಲೆ ಹಾಕಿ ಸಾರ್, ಮೊದಲು ಹುಡುಕೋಣ," ಎಂದು ರುಬೀನಾ ಬೀದಿಗಿಳಿಯುತ್ತಾರೆ.

ತಿರುವಿನಲ್ಲೇ ಎದುರಾಗುತ್ತಾರೆ ಹಿರಿಯಣ್ಣ. ಒಂದು ಕೈಯಲ್ಲಿ ಹಾಲು, ಇನ್ನೊಂದರಲ್ಲಿ ಬಾಡಿದ ಎರಡು ದಾಸವಾಳ. ದಿನಾ ಕೈ ಬೀಸಿಕೊಂಡು ಬರ್ತೀರಿ, ಪೂಜೆಗೊಂದು ಹೂ ತರೋಕಾಗಲ್ವಾ ಎಂದು ಶಾಮಲಮ್ಮ ನಿನ್ನೆ ಕುಟುಕಿದ್ದರಂತೆ. ಎಷ್ಟೋ ಕಾಂಪೌಂಡು ಇಣುಕಿದ್ದಾಯಿತಂತೆ. ಚೆನ್ನಾಗಿ ಬಿಟ್ಟಿದ್ದ ಗಿಡದ ಬುಡದಲ್ಲಿ ನಾಯಿ ಮಲಗಿತ್ತಂತೆ.

ಗೇಟಿನಲ್ಲಿ ನಿಂತ ಯಜಮಾನರನ್ನೂ ಅವರ ಕೈಯ ಬೀಗವನ್ನೂ ಹಿರಿಯಣ್ಣ ಮಿಕಮಿಕ ನೋಡುತ್ತಾರೆ.

"ಹೋಗಿ ಬರ್ತೀನಿ ಅಂತ ಹೇಳೇ ಹೋಗಿದ್ನಲ್ಲ ಸ್ವಾಮಿ."

ವಿಷ್ಣುಪ್ರಸಾದ ಬೀಗ ಹಿಡಿದೇ ಒಳಗೆ ಬರುತ್ತಾರೆ. ಕಾಫಿ ಕುಡಿದು, ನಾಳೆಯಿಂದ ಜೊತೆಗೊಬ್ಬರು ಹೋಗಲಿ ಎಂದಷ್ಟೇ ಹೇಳಿ ಹೊರಡುತ್ತಾರೆ. ಬೀಗ ಮತ್ತೆ ಮೇಜು ಸೇರಿದೆ, ಅಲ್ಲೇ ಇದೆ. ನೆಲ ಒರೆಸುವಾಗ, ಅನ್ನ ಬಡಿಸುವಾಗ ರುಬೀನಾ ಕಣ್ಣು ಅದರ ಮೇಲೇ.

ನಿಮಗೇನು ಆಸೆ ಎಂದು ಕೇಳಿದರೆ ರುಬೀನಾ ನಗುತ್ತಾರೆ, ಲೋಟ ತೊಳೆದು ಬೋರಲು ಹಾಕುತ್ತಾರೆ.

"ನನಗೂ ವಯಸ್ಸಾಗುತ್ತಲ್ಲ. ಆಗ ಯಾರಾದ್ರೂ ನನ್ನನ್ನ ಹಾಲಿಗೆ ಕಳಿಸ್ಬೇಕು. ತಡ ಆದ್ರೆ, ಗೇಟಲ್ಲಿ ನಿಂತು ಕಾಯ್ಬೇಕು."