ಅಜ್ಜನ ಸಪ್ಪೆ ಊಟ

ನಿಮ್ಮ ಅಜ್ಜ ಉಪ್ಪು ಬಿಟ್ಟಿದ್ದರು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತೀರಿ. ಅದು ನಿಜವಲ್ಲ. ಬಿಟ್ಟಿದ್ದೇನೆಂದು ಅವರು ನಂಬಿದ್ದರು — ನಾನು ಅವರ ಅಡಿಗೆಗೆ ದಿನಾಲೂ ಕದ್ದು ಉಪ್ಪು ಹಾಕುತ್ತಿದ್ದೆ. ಈ ಮಾತು ನನ್ನ ಹೊರತು ಯಾರಿಗೂ ಗೊತ್ತಿಲ್ಲ. ನಿಮ್ಮ ಮುಖ ನೋಡಿ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಚಿತ್ತಾಪುರದಲ್ಲಿದ್ದೆವು. ನಿಜಾಮರ ಆಳಿಕೆ, ರಜಾಕಾರರ ಗದ್ದಲ ಇನ್ನೂ ಶುರುವಾಗಿರಲಿಲ್ಲ. ನಿಮ್ಮ ಅಜ್ಜ ತಹಸೀಲ ಕಚೇರಿಯಲ್ಲಿ ಕಾರಕೂನರು. ಅವರ ಅಣ್ಣ, ಅಂದರೆ ನನ್ನ ಭಾವನವರು, ಒಬ್ಬ ವಕೀಲರ ಗುಮಾಸ್ತರು. ಎರಡೂ ಸಂಸಾರಕ್ಕೆ ಒಂದೇ ಒಲೆ. ಮಡಿಯಲ್ಲಿ ನೀರು ತಂದು ಅಡಿಗೆ ಮಾಡುವುದು ನನ್ನದು. ಹೊರಗಿನದೆಲ್ಲ ನೆಗೆಣ್ಣಿಯದು, ಭಾವನವರ ಹೆಂಡತಿಯದು.

ಒಂದು ದಿನ ಅಣ್ಣ ತಮ್ಮ ಇಬ್ಬರೂ ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೋಗಿ ಬಂದರು. ಅಂಗಳಕ್ಕೆ ಹಾಸುಗಲ್ಲು ನೋಡಲು ಹೋಗಿದ್ದೆವು ಎಂದರು. ಮಾರನೆಯ ದಿನ ಎಲೆಯ ತುದಿಗೆ ಉಪ್ಪು ಬಡಿಸಲು ಬಾಗಿದಾಗ ಇವರು ಅಂಗೈ ಅಡ್ಡ ಹಿಡಿದರು.

“ಬ್ಯಾಡ. ಸನ್ನತಿ ಚಂದ್ರಲಾಂಬಾಗ ಬೇಡಿಕೊಂಡೀನಿ. ಒಂದ್ ವರ್ಷ ಉಪ್ಪು ಮುಟ್ಟಂಗಿಲ್ಲ. ಅಡಿಗ್ಯಾಗೂ ಬ್ಯಾಡ.”

“ಯಾತಕ್ಕ ಬೇಡಿಕೊಂಡ್ರಿ?”

“ಹರಕಿ ಮಾತು ಬಾಯಿಬಿಟ್ಟು ಹೇಳಬಾರದು.”

ನಂಬಿದೆ. ದೇವರ ಹೆಸರಿನಲ್ಲಿ ಗಂಡ ಸುಳ್ಳು ಹೇಳಬಹುದು ಎಂಬ ವಿಚಾರವೇ ನನಗೆ ಬರಲಿಲ್ಲ.

ಎರಡು ತಿಂಗಳಲ್ಲಿ ಇವರು ಇಳಿದುಹೋದರು. ಅರ್ಧ ರೊಟ್ಟಿಗೆ ಕೈ ತೊಳೆಯುವರು. ನೆಗೆಣ್ಣಿ ನಗುವರು: “ನಿನ್ನ ಗಂಡ ಸನ್ಯಾಸಿ ಆಗ್ಲಿಕತ್ತಾನವಾ. ಧೋತರಕ್ಕ ಕಾವಿ ಬಣ್ಣ ಹಾಕಿಡು!” ನಾನೂ ನಗುತ್ತಿದ್ದೆ. ಆದರೆ ಬಡಿಸಿದ್ದು ಹಾಗೆಯೇ ಉಳಿದ ಎಲೆಯನ್ನು ಎತ್ತುವಾಗ — ಅದನ್ನು ಹೇಗೆ ಹೇಳಲಿ.

ತಿಳಿಯದೆ ಉಂಡವನ ವ್ರತ ಕೆಡುವುದಿಲ್ಲ, ಪಾಪವೆಲ್ಲ ಬಡಿಸಿದವಳಿಗೆ ಎಂದು ನಮ್ಮ ತವರಿನ ಹಿರಿಯರು ಹೇಳುತ್ತಿದ್ದರು. ಆ ಪಾಪ ನನಗಿರಲಿ ಎಂದುಕೊಂಡೆ. ಮೊದಲ ದಿನ ಇವರಿಗೆಂದು ಬೇರೆ ಮಾಡುತ್ತಿದ್ದ ಸಾರಿಗೆ ಒಂದೇ ಚಿಟಿಕೆ.

“ಇವತ್ತ ಸಾರು ಭಾಳ ರುಚಿ ಆಗ್ಯದಲಾ!” ಎಂದರು.

“ಹುಣಸಿಹಣ್ಣು ಹೊಸಾದದರಿ.”

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಒಂದು ಚಿಟಿಕೆ ಎರಡಾಯಿತು, ಆಮೇಲೆ ಕೈಗೆ ಲೆಕ್ಕ ಉಳಿಯಲಿಲ್ಲ. ಇವರ ಮುಖ ತುಂಬಿಕೊಂಡಿತು. ನಾನು ಗೆದ್ದೆ ಎಂದು ಹಿಗ್ಗಿದೆ — ಹಿಗ್ಗಿದ್ದೆ ಎಂಬುದನ್ನೂ ಬರೆಯಬೇಕು. ನಡುನಡುವೆ ತಲೆ ಹಿಡಿದು ಕೂಡುತ್ತಿದ್ದರು, ಬಿಸಿಲು ಎನ್ನುತ್ತಿದ್ದರು, ನಾನು ಹಣೆಗೆ ಗಂಧ ತೇಯ್ದು ಹಚ್ಚುತ್ತಿದ್ದೆ.

ಆರೇಳು ತಿಂಗಳು ಹೀಗೆ ನಡೆಯಿತು. ಒಂದು ಮುಂಜಾನೆ ಕಚೇರಿಗೆ ಹೊರಟು ರುಮಾಲು ಸುತ್ತುತ್ತ ನಿಂತವರ ಬಲಗೈ ತಾನೇ ಜಾರಿ ಕೆಳಗೆ ಬಿತ್ತು. ಬಾಯಿ ಸೊಟ್ಟಗಾಯಿತು. ಲಕ್ವಾ. ಭಾವನವರು ಶಹಾಬಾದಿನ ಡಾಕ್ಟರನ್ನೇ ಕರೆತಂದರು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ನೋಡಿದರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ.

“ರಕ್ತದ ಒತ್ತಡ ಹೆಚ್ಚದ, ಉಪ್ಪು ಬಿಡ್ರಿ ಅಂತ ಅವತ್ತೇ ಹೇಳಿದ್ದೆ. ಬಿಟ್ಟಿದ್ರೋ ಇಲ್ಲೋ?”

“ಒಂದ್ ಹರಳು ಮುಟ್ಟಿಲ್ರಿ,” ಎಂದರು ಭಾವನವರು. “ದೇವರ ಹರಕಿ ಅಂತ ಹೇಳಿ ಬಿಟ್ಟಾನ. ಬ್ಯಾನಿ ಸುದ್ದಿ ಕಚೇರಿಗಿ ಮುಟ್ಟಿದ್ರ ಬಡತಿ ತಪ್ಪತದಂತ ಯಾರಿಗೂ ಹೇಳಿಲ್ಲ.”

ಯಾರಿಗೂ! ಅಣ್ಣನಿಗೆ ಗೊತ್ತಿತ್ತು. ಕಾವಿಯ ಮಾತಾಡಿ ನಗುತ್ತಿದ್ದ ನೆಗೆಣ್ಣಿಗೂ ಗೊತ್ತಿತ್ತು. ಆಮೇಲೆ ಕೇಳಿದಾಗ ನೆಗೆಣ್ಣಿ, “ನಿನಗ ಹೇಳಿದ್ರ ನೀರಿಗಿ ಹೋದಲ್ಲಿ ಬಾಯಿಬಿಡ್ತಿ ಅಂದಿದ್ದ ನಿನ್ನ ಗಂಡ, ತಂಗಿ. ನಮಗ ಆಣಿ ಹಾಕಿದ್ದ,” ಎಂದರು. ಬಾವಿಕಟ್ಟೆಯಲ್ಲಿ ತಲೆ ಎತ್ತಿ ನಾಲ್ಕು ಮಾತಾಡದ ನಾನು! ತಮ್ಮ ಅನ್ನವನ್ನು ನನ್ನ ಕೈಗೆ ಬಿಟ್ಟವರು ಅನ್ನದ ಗುಟ್ಟನ್ನು ನನಗೆ ಬಿಡಲಿಲ್ಲ.

“ಉಪ್ಪು ಬಿಟ್ಟೂ ಹಿಂಗಾತಂದ್ರ ನಾ ಏನ್ ಹೇಳ್ಲಿ,” ಎಂದು ಡಾಕ್ಟರು ಪೆಟ್ಟಿಗೆ ಮುಚ್ಚಿದರು. ಆಗ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಭಯವಿತ್ತು — ಆದರೆ ಬರೀ ಭಯವಲ್ಲ. ಸಿಟ್ಟೂ ಇತ್ತು. ನೀವು ನನಗೆ ಹೇಳಲಿಲ್ಲ, ನಾನೇಕೆ ಹೇಳಲಿ —

ಅಂದಿನಿಂದ ನಿಜವಾಗಿಯೂ ಸಪ್ಪೆ ಅಡಿಗೆ ಮಾಡಿದೆ. ಮೊದಲ ತುತ್ತು ಬಾಯಿಗಿಟ್ಟಾಗ ಇವರು ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಮಾತು ಹೋಗಿತ್ತು, ರುಚಿ ಹೋಗಿರಲಿಲ್ಲ. ಅವರಿಗೆ ತಿಳಿಯಿತೋ ಏನೋ. ನಾಲ್ಕು ತಿಂಗಳು ನೋಡುತ್ತಲೇ ಇದ್ದು ತೀರಿಕೊಂಡರು.

ನನ್ನ ತಪ್ಪು ಅಲ್ಲಿಗೆ ಮುಗಿದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಎರಡು ವರ್ಷಕ್ಕೆ ಭಾವನವರಿಗೂ ಅದೇ ಬೇನೆ, ಅದೇ ಡಾಕ್ಟರು, ಅದೇ ಮಾತು. ಭಾವನವರು ಕೇಳಲಿಲ್ಲ. “ತಮ್ಮ ಉಪ್ಪು ಬಿಟ್ಟು ಏನ್ ಕಂಡ? ಬಾಯಿ ಕೆಡಿಸಿಕೊಂಡು ಸತ್ತ. ನಾ ಉಂಡು ಸಾಯ್ತೀನಿ. ಉಪ್ಪಿನಕಾಯಿ ಹಾಕವಾ!” ನಾನು ಹಾಕಿದೆ. ಸಾಯುವವರೆಗೂ ಹಾಕಿದೆ. ಗಂಡನಿಗೆ ಉಪ್ಪು ಹಾಕಿದಾಗ ನನಗೆ ತಿಳಿದಿರಲಿಲ್ಲ. ಭಾವನವರಿಗೆ ಹಾಕಿದಾಗ ಎಲ್ಲ ತಿಳಿದಿತ್ತು. ನೆಗೆಣ್ಣಿಯ ಬಳೆ ಒಡೆಯುವಾಗ ಅವರ ಪಕ್ಕದಲ್ಲಿ ನಾನೇ ಕುಳಿತಿದ್ದೆ.

ಉಪ್ಪೊಂದರಿಂದಲೇ ಹಾಗಾಯಿತೆ? ಬಿಟ್ಟಿದ್ದರೂ ಆಗುತ್ತಿತ್ತೆ? ಈಗಿನ ಡಾಕ್ಟರರನ್ನು ಕೇಳಬಹುದು. ನಾನು ಕೇಳಿಲ್ಲ. ಅವರು “ಇಲ್ಲ, ನಿಮ್ಮದೇನೂ ತಪ್ಪಿಲ್ಲ” ಎಂದುಬಿಟ್ಟರೆ ಅದನ್ನು ಹಿಡಿದುಕೊಂಡು ಸುಮ್ಮನಾದೇನು ಎಂಬ ಅಂಜಿಕೆ.

ಹೋದ ವಾರ ಮೊಮ್ಮಗ ವಾಮನ ಪಡಸಾಲೆಯಲ್ಲಿ ತನ್ನ ತಮ್ಮನಿಗೆ ಹೇಳುತ್ತಿದ್ದ: “ಬಿ.ಪಿ. ಅದ ಅಂತ ಗುಳಿಗಿ ಬರದಾರ. ನಾ ಏನ್ ನುಂಗಂಗಿಲ್ಲ. ನಮ್ಮಜ್ಜ ಉಪ್ಪು ಬಿಟ್ರೂ ಉಳೀಲಿಲ್ಲ.” ನಕ್ಕ. ನಾನು ಅಲ್ಲೇ ಇದ್ದುದನ್ನು ಕಂಡು, ಒಳಗಿದ್ದ ಹೆಂಡತಿಗೆ ಕೇಳಿಸದಂತೆ ಮೆಲ್ಲಗೆ ಅಂದ: “ಇಂದುಗ ಹೇಳಬ್ಯಾಡಜ್ಜಿ. ಸುಮ್ಮನ ಅಂಜತಾಳ.”

ವಾಮನಾ, ನೀನು ಯಾವ ಅಜ್ಜನ ಉದಾಹರಣೆ ಕೊಡುತ್ತೀಯೋ ಆ ಅಜ್ಜ ಇರಲೇ ಇಲ್ಲ. ಆ ಕಥೆ ನನ್ನ ಮೌನ ಕಟ್ಟಿದ್ದು. ನೀನು ಸಿಟ್ಟಾಗು, ನನ್ನ ಸಂಗಡ ಮಾತು ಬಿಡು. ಈ ಕಾಗದವನ್ನು ಮೊದಲು ಇಂದುವಿನ ಕೈಗೆ ಕೊಡುತ್ತೇನೆ. ನಿನ್ನ ಎಲೆಗೆ ಬಡಿಸುವವಳು ಅವಳು.