ಮಾವ ಅಂದಾಗ ಎಲ್ಲಿ ನಿಲ್ಲಬೇಕಿತ್ತು

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ನಾನು ಬೇಗೂರಿನಲ್ಲಿ ಒಂಬತ್ತನೇ ಕ್ಲಾಸು ಓದುತ್ತಿದ್ದೆ. ಆ ವರ್ಷ ನಮ್ಮ ಟೈಮ್‌ಟೇಬಲ್ಲಿಗೆ ಹೊಸ ಪೀರಿಯಡ್ಡೊಂದು ಬಂತು. ಯಾರ ಜೊತೆ ಎಷ್ಟು ಸಲಿಗೆ ಇರಬೇಕು, ಬೇಡ ಅನ್ನಿಸಿದರೆ ಬೇಡ ಅನ್ನುವುದು ಹೇಗೆ, ಇಂಥವನ್ನೆಲ್ಲ ಮಕ್ಕಳಿಗೆ ಹೇಳಿಕೊಡುವ ಪೀರಿಯಡ್ಡು. ನಮ್ಮ ಮೇಷ್ಟ್ರುಗಳು ಅದರ ಹೆಸರೆತ್ತಿದರೇ ಕೆಮ್ಮುತ್ತಿದ್ದರು. ಕೊನೆಗೆ ಅದು ಮಂಗಳೂರು ಕಡೆಯಿಂದ ಹೊಸದಾಗಿ ಬಂದಿದ್ದ ವಿಜ್ಞಾನದ ಮೇಡಂ ತಲೆಗೆ ಬಿತ್ತು. ಅವರು ಟ್ರೇನಿಂಗಿಗೆ ಹೋಗಿ ಬಂದು ಬಲು ಹುರುಪಿನಲ್ಲಿದ್ದರು.

ನನಗೆ ಆಗ ಇದ್ದ ಒಂದೇ ಸಂಕಟವೆಂದರೆ ನನ್ನ ಸೋದರಮಾವ. ಅವನು ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಕೆಲಸಕ್ಕಿದ್ದ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೈವೇ ಪಕ್ಕದಲ್ಲಿ ನಿಂತು ಕೇರಳದ ಲಾರಿಗಳನ್ನು ತೋರಿಸುತ್ತಿದ್ದ. ಆದರೆ ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮ ಕಟ್ಟಿಕೊಳ್ಳುವುದು ಉಂಟು. ನಾನು ಹುಟ್ಟಿದ ದಿನವೇ ಅಜ್ಜಿ, "ಬಂದ್ಲು ಕಣ ನನ್ ಸೊಸೆ" ಅಂದಿದ್ದಳಂತೆ. ಅಲ್ಲಿಗೆ ನನ್ನ ಮದುವೆ ಗೊತ್ತಾಗಿಹೋಯಿತು, ಎಸ್ಸೆಸ್ಸೆಲ್ಸಿ ಮುಗಿಯುವುದೊಂದು ಬಾಕಿ. ಮಾವ ಮನೆಗೆ ಬಂದರೆ ಅಕ್ಕಪಕ್ಕದವರೆಲ್ಲ, "ಗಂಡ ಬಂದವ್ನೆ, ನೀರ್ ಕೊಡಮ್ಮಿ" ಅಂತ ರೇಗಿಸುತ್ತಿದ್ದರು.

ನಾನು ದೊಡ್ಡವಳಾದಾಗ, ವಾಡಿಕೆಯಂತೆ ಹಸಿರು ಸೊಪ್ಪು ತಂದು ನನ್ನನ್ನು ಕೂರಿಸುವ ಗುಡ್ಲು ಕಟ್ಟಿದವನೂ ಮಾವನೇ. ಸೊಪ್ಪಿನ ಹೊರೆ ಹೊತ್ತು ಅವನು ಬಸ್ಸಿನಿಂದ ಇಳಿದದ್ದನ್ನು ನಮ್ಮ ಕ್ಲಾಸಿನ ಹುಡುಗರೆಲ್ಲ ನೋಡಿಬಿಟ್ಟಿದ್ದರು. ನನ್ನ ಮೈಯ ಸುದ್ದಿಯನ್ನೇ ಯಾರೋ ಊರ ನಡುವೆ ಹೊತ್ತು ತಂದಂತಾಗಿ ನಾಚಿಕೆಯಿಂದ ಸತ್ತೆ. ಆಮೇಲೆ ಮಾವ ಬಂದರೆ ನಾನು ಹಿತ್ತಲಿಗೆ ಓಡುತ್ತಿದ್ದೆ. ಅದನ್ನೂ ಮನೆಯವರು, "ನೋಡು, ಎಂಗ್ ನಾಚ್ಕತಾಳೆ" ಅಂತ ಮೆಚ್ಚಿಕೊಂಡರು.

ಒಂದು ಶನಿವಾರ ಮೇಡಂ ನಮ್ಮನ್ನು ಬಯಲಿಗೆ ಕರೆದುಕೊಂಡು ಹೋಗಿ, ಖೋಖೋ ಅಂಕಣಕ್ಕೆ ತಂದಿಟ್ಟಿದ್ದ ಸುಣ್ಣದ ಪುಡಿಯಲ್ಲಿ ಒಂದರೊಳಗೊಂದು ಮೂರು ಸುತ್ತು ಹಾಕಿದರು. ಯಾರ ಹತ್ತಿರ ಭಯವಿಲ್ಲದೆ ಏನು ಬೇಕಾದರೂ ಹೇಳಿಕೊಳ್ಳಬಹುದೋ ಅವರಿಗೆ ಒಳಸುತ್ತು. ಗುರುತಿನವರಿಗೆ ನಡುವಿನದು. ಗೊತ್ತಿಲ್ಲದವರಿಗೆ ಹೊರಗಿನದು. ಮೇಡಂ ಒಬ್ಬೊಬ್ಬರನ್ನೇ ಕೂಗಿದಂತೆ ನಾವು ಓಡಿಹೋಗಿ ಸರಿಯಾದ ಸುತ್ತಿನಲ್ಲಿ ನಿಲ್ಲಬೇಕು. ಅಮ್ಮ ಅಂದಾಗ ಒಳಗೆ ನೂಕುನುಗ್ಗಲು. ಬಸ್ ಕಂಡಕ್ಟರ್ ಅಂದಾಗ ಎಲ್ಲರೂ ಆಚೆ. ನನಗೂ ಖುಷಿಯಾಗಿಯೇ ಇತ್ತು.

"ಸೋದರಮಾವ!" ಅಂದರು ಮೇಡಂ.

ಅವರ ಮನೆತನದಲ್ಲಿ ಸೋದರಮಾವನೆಂದರೆ ಅಪ್ಪನಿಗಿಂತ ಒಂದು ಕೈ ಮೇಲಂತೆ, ಅವನು ಅಕ್ಕನ ಮಗಳನ್ನು ಕಟ್ಟಿಕೊಳ್ಳುವ ಮಾತೇ ಇಲ್ಲವಂತೆ. ಅವನು ಒಳಸುತ್ತಿಗೇ ಸೇರಿದವನು ಅಂದುಕೊಂಡು ಸಲೀಸಾಗಿ ಕೂಗಿದ್ದರು. ನಾನು ಮಾತ್ರ ಓಡಲಿಲ್ಲ. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. "ಅವ್ಳಿಗೆ ನಾಕ್ನೇ ಸುತ್ತು ಹಾಕಿ ಮೇಡಂ" ಅಂದ ಒಬ್ಬ. ಕಿವಿಯೆಲ್ಲ ಬಿಸಿಯಾಗಿ, ನಾನು ಮೂರೂ ಸುತ್ತು ಬಿಟ್ಟು ನಲ್ಲಿಯ ಹತ್ತಿರ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ.

ಮೇಡಂ ಮುಖ ಬಿಳಿಚಿಕೊಂಡಿತು. ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ, "ಹೆದರಬೇಡ ಆಯ್ತಾ? ಮಾವ ಏನಾದರೂ ತೊಂದರೆ ಕೊಡುವುದುಂಟಾ?" ಅಂದರು.

"ಇಲ್ಲ ಮೇಡಂ, ನಮ್ಮಾವ ಒಳ್ಳೇವ್ನು" ಅಂದೆ.

ಆದರೆ ಮಕ್ಕಳು ಮೊದಲು ಹಾಗೇ ಹೇಳುತ್ತಾರೆ ಅಂತ ಟ್ರೇನಿಂಗಿನಲ್ಲಿ ಅವರಿಗೆ ಹೇಳಿಕೊಟ್ಟಿದ್ದರು. ಅವರು ನಂಬಲಿಲ್ಲ. ಸೋಮವಾರ ಅಮ್ಮನನ್ನು ಕರೆಸಿ ಅದನ್ನೇ ಕೇಳಿದರು. ಅಮ್ಮ ಮನೆಗೆ ಬಂದವಳೇ, "ನನ್ ತಮ್ಮನ್ ಮಾನ ಕಳ್ದ್‌ಬುಟ್ಯಲ್ಲಮ್ಮಿ" ಅಂತ ಎದೆ ಬಡಿದುಕೊಂಡಳು.

ಸುದ್ದಿ ಗುಂಡ್ಲುಪೇಟೆ ಮುಟ್ಟುವುದಕ್ಕೆ ಎಷ್ಟು ಹೊತ್ತು? ಮಾರನೆಯ ದಿನ ಮಧ್ಯಾಹ್ನ ಮಾವ ಮಂಡಿಯ ಬಟ್ಟೆಯಲ್ಲೇ ಸ್ಕೂಲಿಗೆ ಬಂದ. ಜಗಳವಾಡಲು ಬಂದನೆಂದುಕೊಂಡೆ. ಅವನು ಮೇಡಂ ಎದುರು ಕೈಕಟ್ಟಿ, ಕತ್ತು ಬಗ್ಗಿಸಿ ನಿಂತ. ಅವನನ್ನು ಹಾಗೆ ನೋಡಿ ಆದ ಅವಮಾನ, ಹುಡುಗರು ನಕ್ಕಾಗಲೂ ಆಗಿರಲಿಲ್ಲ.

"ನಾನೇನ್ ತಪ್ಪು ಮಾಡಿವ್ನಿ ಅಂತ ಇವ್ಳೇ ಯೋಳ್ಲಿ ಮೇಡಂ" ಅಂದ. ಮೇಡಂ ಸುಣ್ಣದ ಸುತ್ತಿನ ಆಟವನ್ನು ವಿವರಿಸಿದರು. ಮಾವ ಕಿಟಕಿಯಿಂದ ಬಯಲು ನೋಡಿದ. ಗೆರೆಗಳು ಅರ್ಧಂಬರ್ಧ ಉಳಿದಿದ್ದವು. ನನ್ನ ಕಡೆ ತಿರುಗಿ, "ಎಲ್ ನಿಂತ್ಕಬೇಕು ಅಂತಿತ್ತಮ್ಮಿ ನಿಂಗೆ?" ಅಂತ ಕೇಳಿದ.

ನನ್ನ ಮದುವೆಯ ವಿಷಯದಲ್ಲಿ ಯಾರಾದರೂ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಬಯಲಿಗೆ ಇಳಿದು ಹೋದೆ, ಮಾವನೂ ಹಿಂದೆ ಬಂದ. ಒಳಸುತ್ತಿನಲ್ಲಿ ನಿಂತು, "ಬರೀ ಮಾವ ಆಗಿದ್ರೆ ಇಲ್ಲಿ" ಅಂದೆ. ಅಳು ಬಂದುಬಿಟ್ಟಿತು.

ಮಾವ ಗೆರೆ ದಾಟದೆ ಆಚೆಯೇ ನಿಂತ. "ಅಂಗಾರೆ ಅಲ್ಲೇ ಇರು, ಬುಡು" ಅಂದು ಬಸ್ಸಿಗೆ ಹೊರಟುಹೋದ.

ಅವನು ಅಜ್ಜಿಗೆ ಏನು ಹೇಳಿದನೋ ಗೊತ್ತಿಲ್ಲ, ಮದುವೆಯ ಮಾತು ನಿಂತಿತು. ಊರವರು ಸ್ಕೂಲಿಗೆ ಹೋಗಿ ಗಲಾಟೆ ಮಾಡಿದ ಮೇಲೆ ಆ ಪೀರಿಯಡ್ಡೂ ನಿಂತಿತು. ಅದರ ಬದಲು ಮೇಡಂ ನಮಗೆ ವಿಜ್ಞಾನವನ್ನೇ ಇನ್ನೊಂದು ಸಲ ಓದಿಸಿದರು. ನಾನು ಗೆದ್ದೆ ಅಂದುಕೊಂಡಿದ್ದೆ. ಮರುವರ್ಷ ಚಾಮರಾಜನಗರದ ಕಾಲೇಜಿಗೆ ಸೇರುವ ಕನಸು ಕಾಣುತ್ತಾ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದೆ.

ಆ ಬೇಸಿಗೆಯಲ್ಲೇ ಉಮ್ಮತ್ತೂರಿನಿಂದ ಮದುವೆಯ ಕರೆ ಬಂತು. ಅಲ್ಲಿಗೆ ಕೊಟ್ಟಿದ್ದ ದೊಡ್ಡಮ್ಮನಿಗೆ, ಅಂದರೆ ಅಮ್ಮನ ಅಕ್ಕನಿಗೆ, ನನ್ನ ವಯಸ್ಸಿನದೇ ಮಗಳಿದ್ದಳು. ಅವಳೂ ಆಗತಾನೇ ಎಸ್ಸೆಸ್ಸೆಲ್ಸಿ ಬರೆದಿದ್ದಳು. ಅಜ್ಜಿ ಅವಳನ್ನು ಮಾವನಿಗೆ ತಂದುಕೊಂಡಳು. "ಅವ್ಳನ್ನ ಕೇಳುದ್ರಾ?" ಅಂತ ಅಮ್ಮನನ್ನು ಕೇಳಿದೆ. "ಅವ್ಳೇನ್ ನಿನ್ನಂಗ್ ಮಾನಗೇಡಿಯಾ?" ಅಂದಳು.

ಅರಿಶಿನದ ದಿನ ಚಪ್ಪರದ ಕೆಳಗೆ ಕೂತಿದ್ದ ಅವಳ ಕಾಲಿಗೆ ನಾನೂ ಅರಿಶಿನ ಹಚ್ಚಿದೆ. ಮಾವ ನನ್ನ ಕಡೆ ನೋಡಲಿಲ್ಲ, ನಾನೂ ಅವನ ಕಡೆ ನೋಡಲಿಲ್ಲ. ನಾನು ಬೇಡ ಅಂದದ್ದೆಲ್ಲ ಅವಳ ತಲೆ ಮೇಲೆ ಹೋಗಿ ಕೂತಿತ್ತು. ನಾಚಿಕೆಯಿಂದ ನನಗೆ ಕತ್ತೆತ್ತಲು ಆಗಲಿಲ್ಲ.

ಅವಳೇ ನನ್ನ ಕಿವಿಯ ಹತ್ತಿರ ಬಗ್ಗಿದಳು. "ನಿಮ್ ಸ್ಕೂಲಲ್ಲಿ ಸುಣ್ಣ ಹಾಕಿ ಅದೇನೋ ಆಟ ಆಡ್ಸಿದ್ರಂತಲ್ಲ, ಎಂಗಮ್ಮಿ ಅದು?"

ಹೇಳಿದೆ. ಮೂರು ಸುತ್ತು, ಯಾರು ಯಾವುದರಲ್ಲಿ ಅಂತ.

"ಮಾವ ಅಂದಾಗ ನೀನೆಲ್ ನಿಂತೆ?"

"ಕೊನೆಗೆ ಒಳಗೆ ನಿಂತೆ. ಬರೀ ಮಾವ ಆಗಿದ್ರೆ ಇಲ್ಲಿ ಅಂದೆ."

ಅವಳು ತನ್ನ ಕಾಲಿನ ಅರಿಶಿನವನ್ನು ಉಗುರಿನಲ್ಲಿ ಗೀರಿದಳು.

"ನಾನೂ ಅಲ್ಲೇ ನಿಂತ್ಕತಿದ್ದೆ ಕಣಮ್ಮಿ" ಅಂದಳು.