ಗೆರೆಯ ಮೇಲಿನ ಕ್ಷೇಮ ಸಮಾಚಾರ

ನಮ್ಮ ಕಡೆಯ ಜನ ವಿಷಯಕ್ಕೆ ನೇರವಾಗಿ ಬರುವುದಿಲ್ಲ. ಶ್ರೀರಂಗಪಟ್ಟಣದ ನನ್ನ ಪಕ್ಕದ ಮನೆಯ ಕೃಷ್ಣೇಗೌಡರಿಗೆ ಏಣಿ ಬೇಕಾಗಿದೆಯೆನ್ನಿ. ಅವರು ಬಂದು ಜಗಲಿಯ ಮೇಲೆ ಕೂರುತ್ತಾರೆ, ಹೊಳೆಯ ನೀರು ಎಲ್ಲಿಯವರೆಗೆ ಏರಿದೆಯೆಂದು ವಿಚಾರಿಸುತ್ತಾರೆ, ಕಾಫಿ ಕುಡಿಯುತ್ತಾರೆ, ನನ್ನ ಮಂಡಿನೋವಿಗೆ ಒಂದು ಎಣ್ಣೆಯನ್ನು ಸೂಚಿಸುತ್ತಾರೆ, ಕೊನೆಗೆ ಎದ್ದು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದು ಕಾಲು ಗಾಳಿಯಲ್ಲಿರುವಾಗ, ಈಗಷ್ಟೇ ನೆನಪಾದವರಂತೆ, "ಏಣಿ ಇದ್ರೆ ಕೊಡ್ತೀರಾ ಸ್ವಾಮಿ?" ಎನ್ನುತ್ತಾರೆ. ಬಂದದ್ದು ಏಣಿಗೆ ಎಂಬುದು ಅವರು ಜಗಲಿ ಏರಿದಾಗಲೇ ನನಗೂ ಗೊತ್ತಿರುತ್ತದೆ, ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿರುತ್ತದೆ.

ಪಾಂಡವಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಬೋಧಿಸುವ ನಾನು, ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರ ಸರಳರೇಖೆಯೆಂದು ಮಕ್ಕಳಿಗೆ ಹೇಳಿ ಸಂಬಳ ತೆಗೆದುಕೊಳ್ಳುವ ನಾನು, ಬಹುಕಾಲ ಇದನ್ನು ನಮ್ಮ ಸೀಮೆಯ ದೌರ್ಬಲ್ಯಗಳ ಪೈಕಿ ಎಣಿಸಿದ್ದೆ. ಈಗ ಹಾಗೆ ಎಣಿಸುವವರ ವಿರುದ್ಧ ಸೊಂಟ ಕಟ್ಟಿ ನಿಂತಿದ್ದೇನೆ. ನನ್ನ ಸೊಂಟದ ಸ್ಥಿತಿ ಬಲ್ಲ ಮನೆಯವಳು ಇದನ್ನು ಕೇಳಿ ನಕ್ಕಳು. ನಗಲಿ, ನಾನಂತೂ ಕದಲುವವನಲ್ಲ.

ಜಗಳದ ಮೂಲ ಒಂದು ಬಸ್ಸಿನ ಪಟ್ಟಿ. ಪಾಂಡವಪುರದಲ್ಲಿ ಕಂಪ್ಯೂಟರ್ ಅಂಗಡಿಯಿಟ್ಟಿರುವ ಗೆಳೆಯ ಚಲುವರಾಜು ಮತ್ತು ನಾನು ಸೇರಿ, ನಮ್ಮ ನಾಲ್ಕು ತಾಲ್ಲೂಕುಗಳ ಹಳ್ಳಿ ಬಸ್ಸುಗಳ ವೇಳೆಯನ್ನು ಮೊಬೈಲಿನಲ್ಲಿ ತೋರಿಸುವ ಪುಟ್ಟ ತಂತ್ರಾಂಶವೊಂದನ್ನು ಮಾಡಿದೆವು. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ, ಕಾಸು ಕೇಳುವುದಿಲ್ಲ, ಜಾಹೀರಾತು ತೋರಿಸುವುದಿಲ್ಲ. ಅರಕೆರೆಯಿಂದ ಬೆಳಿಗ್ಗೆ ಪಟ್ಟಣಕ್ಕೆ ಬರುವವರೂ ಕೃಷ್ಣರಾಜಪೇಟೆಯಿಂದ ಸಂಜೆ ಊರು ಸೇರಬೇಕಾದ ಕಾಲೇಜಿನ ಹುಡುಗಿಯರೂ ಅದನ್ನು ನೋಡಿಯೇ ಮನೆ ಬಿಡುತ್ತಾರೆ. ಬಸ್ಸಿನ ವೇಳೆ ಶಿಲಾಶಾಸನವಲ್ಲವಾದ್ದರಿಂದ ಪಟ್ಟಿಯನ್ನು ಸದಾ ತಿದ್ದುತ್ತಿರಬೇಕು, ತಿದ್ದುವ ಕೆಲಸಕ್ಕೆ ಅಲ್ಲಲ್ಲಿ ಹತ್ತಾರು ಜನ ಆಸಕ್ತರಿದ್ದಾರೆ.

ತಿದ್ದುವ ಕ್ರಮವನ್ನು ಹೇಳಿಬಿಡುತ್ತೇನೆ, ಓದುಗ ಮಿತ್ರರು ಎದ್ದುಹೋಗಬಾರದು. ಊರಲ್ಲಿ ಕುಳಿತವರು ತಮ್ಮ ಕಂಪ್ಯೂಟರಿನಲ್ಲಿ ಒಂದೆರಡು ಸಾಲು ಬದಲಿಸುತ್ತಾರೆ. ತೆಗೆದ ಸಾಲಿಗೆ ಕಳೆಯುವ ಚಿಹ್ನೆ, ಸೇರಿಸಿದ ಸಾಲಿಗೆ ಕೂಡುವ ಚಿಹ್ನೆ, ಜಾಗ ಗುರುತಿಸಲು ಅಕ್ಕಪಕ್ಕದ ಕೆಲವು ಸಾಲು, ಇಷ್ಟನ್ನು ಯಂತ್ರವೇ ಒಂದು ಚೀಟಿಯ ಹಾಗೆ ಬರೆದುಕೊಡುತ್ತದೆ. ಇದಕ್ಕೆ ಪ್ಯಾಚ್ ಎಂದು ಹೆಸರು. ನಾನು ತೇಪೆ ಎನ್ನುತ್ತೇನೆ. ಅದು ಇಮೇಲಿನಲ್ಲಿ ನನ್ನ ಹತ್ತಿರ ಬರುತ್ತದೆ. ಗಿಟ್ ಎಂಬ ವ್ಯವಸ್ಥೆಗೆ ಆ ಇಮೇಲನ್ನೇ ಒಪ್ಪಿಸಿದರೆ ಅದು ಜಾಗ ಹುಡುಕಿ ತೇಪೆಯನ್ನು ಹಚ್ಚುತ್ತದೆ, ಅಕ್ಕಪಕ್ಕದ ಸಾಲು ಹೊಂದದಿದ್ದರೆ ಒಲ್ಲೆನೆಂದು ಮುಖ ತಿರುಗಿಸುತ್ತದೆ. ಹಚ್ಚಿದ ಮೇಲೆ ಕಳಿಸಿದವರ ಹೆಸರು, ದಿನ, ಮತ್ತು ಇಮೇಲಿನಲ್ಲಿ ಬರೆದಿದ್ದ ಮಾತು, ಎಲ್ಲವೂ ತಂತ್ರಾಂಶದ ಚರಿತ್ರೆಯಲ್ಲಿ ಶಾಶ್ವತವಾಗಿ ದಾಖಲಾಗುತ್ತವೆ. ಬೇಡದ ಮಾತಿಗೂ ಒಂದು ಏರ್ಪಾಡಿದೆ: ಆ ಮಾತಿಗೂ ತೇಪೆಗೂ ನಡುವೆ ಮೂರು ಪುಟ್ಟ ಅಡ್ಡಗೆರೆ ಇರುತ್ತವೆ, ಅವುಗಳ ಕೆಳಗೆ ಬರೆದ ಹರಟೆಯನ್ನು ಯಂತ್ರ ಬಿಸಾಡುತ್ತದೆ.

ಅಕ್ಕಿಹೆಬ್ಬಾಳಿನ ಗಿರಿಜಮ್ಮ ಟೀಚರ್ ಆ ಗೆರೆಗಳನ್ನು ಮಾನ್ಯ ಮಾಡಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು, ತುಂಬಿದ ಮನೆಯ ಯಜಮಾನಿ, ಹೇಮಾವತಿ ಕಡೆಯ ಬಸ್ಸುಗಳೆಲ್ಲ ಅವರ ಉಸ್ತುವಾರಿ. ಅವರ ಮೊದಲ ತೇಪೆ ಯಂತ್ರಕ್ಕೆ ಸಲೀಸಾಗಿ ಹೊಂದಿತು. ಆಮೇಲೆ ಚರಿತ್ರೆಯನ್ನು ತೆರೆದು ನೋಡಿದರೆ, "ಇಲ್ಲಿ ಎಲ್ಲರೂ ಕ್ಷೇಮ. ನಾಲೆಗೆ ನೀರು ಬಿಟ್ಟಿದ್ದಾರೆ, ನಮ್ಮ ಗದ್ದೆಯ ನಾಟಿ ಮುಗಿಯಿತು. ಸ್ಟೇಷನ್ನಿನ ಹತ್ತಿರ ಬಸ್ಸು ಈಗ ರೈಲಿನವರನ್ನು ಕಾಯುತ್ತದೆ, ಹೊಸ ಡ್ರೈವರ್ ಒಳ್ಳೆಯವನು. ಆದ್ದರಿಂದ ವೇಳೆ ತಿದ್ದಿದ್ದೇನೆ. ಫೋನಿನಲ್ಲಿ ಕೇಳಿಸಿದ ನಿಮ್ಮ ಮನೆಯವರ ಕೆಮ್ಮು ಹೇಗಿದೆ?" ಎಂದಿತ್ತು. ನನ್ನ ಮನೆಯವಳ ಕೆಮ್ಮು ಹೀಗೆ ಜಗತ್ತಿನ ಯಾರು ಬೇಕಾದರೂ ಓದಬಹುದಾದ ತಾಂತ್ರಿಕ ದಾಖಲೆಯಾಯಿತು. ನಾನು ಫೋನು ಮಾಡಿ, ಕ್ಷೇಮ ಸಮಾಚಾರವನ್ನೆಲ್ಲ ಗೆರೆಯ ಕೆಳಗೆ ಬರೆಯಬಹುದೆಂದು ವಿನಯದಿಂದ ವಿವರಿಸಿದೆ.

"ಗೆರೆ ಕೆಳಗೆ ಬರ್ದಿದ್ದು ಏನಾಯ್ತದೆ ಸಾರ್?"

"ಯಂತ್ರ ಬಿಟ್ಟುಬಿಡುತ್ತೆ ಟೀಚರ್, ಉಳಿಯೋದಿಲ್ಲ."

"ಅಂಗಾದ್ರೆ ನಿಮ್ಮನೆಯೋರ್ನ ಎಂಗವ್ರೆ ಅಂತ ಕೇಳೋದ್ನ ಬಿಸಾಕೋ ಜಾಗ್ದಲ್ಲಿ ಬರೀಬೇಕಾ? ನಾನ್ ಬರಿಯಲ್ಲ ಬುಡಿ."

ಅಂದಿನಿಂದ ಅವರ ಪ್ರತಿ ತೇಪೆಯೂ ನಾಟಿ, ಕುಯ್ಲು, ಬಾಣಂತಿ, ಮುರಿದ ಸೇತುವೆ, ಕಬ್ಬಿನ ಟ್ರಾಕ್ಟರು ಅಡ್ಡ ನಿಂತ ರಸ್ತೆ ಇವುಗಳ ಸಮೇತ ಬಂತು, ನಾನು ಸಮೇತವಾಗಿಯೇ ಹಚ್ಚಿದೆ. ಬರುಬರುತ್ತಾ ಬಸ್ಸಿನ ವೇಳೆಗಿಂತ ಮೇಲಿನ ಸಾಲುಗಳಿಗೇ ಕಾಯತೊಡಗಿದೆ, ಇದನ್ನು ಒಪ್ಪಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಹೀಗಿರುವಾಗ ಹೊರಗಿನ ಕೆಲವರು ನಮ್ಮ ತಂತ್ರಾಂಶವನ್ನು ಬೇರೆ ಜಿಲ್ಲೆಗಳಿಗೂ ಒಯ್ಯಬೇಕೆಂದು ಆಸಕ್ತಿ ತೋರಿಸಿದರು. ಅವರು ಚರಿತ್ರೆಯನ್ನು ಓದಿದರು, ಓದಿ ನಕ್ಕರು. ಚಲುವರಾಜು ಅವಮಾನದಿಂದ ಕೆಂಪಾಗಿ ಕೃಷ್ಣರಾಜಪೇಟೆಯ ಬಸ್ ಸ್ಟಾಂಡಿನ ಎದುರಿನ ಹೋಟೆಲಿನಲ್ಲಿ ನಮ್ಮನ್ನೆಲ್ಲ ಕೂಡಿಸಿದ, ಗಿರಿಜಮ್ಮ ಟೀಚರ್ ಒಬ್ಬರು ಬಂದಿರಲಿಲ್ಲ. ಇನ್ನು ಮೇಲೆ ಇಮೇಲು ಬೇಡ, ಎಲ್ಲರೂ ಒಂದು ಜಾಲತಾಣಕ್ಕೇ ಹೋಗಿ ತಿದ್ದಬೇಕು. ಕಾರಣ ಬರೆಯಲು ಒಂದೇ ಸಾಲು. ಈವರೆಗಿನ ಚರಿತ್ರೆಯನ್ನು ತೊಳೆದು ಚೊಕ್ಕಟವಾಗಿ ಬರೆದಿಡಬೇಕು, ಇದು ಅವನ ಯೋಜನೆ. ಹಾಗೆ ಚರಿತ್ರೆಯನ್ನೇ ಹಿಂದಿನಿಂದ ತಿದ್ದುವ ಆಜ್ಞೆಗಳೂ ಯಂತ್ರದಲ್ಲಿವೆ. ಆದರೆ ಆ ಚರಿತ್ರೆಯ ಬೀಗದ ಕೈ ನನ್ನ ಬಳಿ ಇತ್ತು, ನಾನು ಒಪ್ಪದೆ ಅದು ಆಗುವಂತಿರಲಿಲ್ಲ.

"ಬಾಣಂತಿ ಸುದ್ದಿ, ಬದನೇಕಾಯಿ ಸುದ್ದಿ ಎಲ್ಲಾ ಐತೆ ಮೇಷ್ಟ್ರೇ ಅದ್ರೊಳಗೆ. ನೋಡ್ದೋರು ನಗ್ತಾರೆ ಕಣ್ರೀ."

"ನಗಲಿ."

"ಆಯಮ್ಮನ ಊರಲ್ಲಿ ನೆಟ್ವರ್ಕ್ ಸಿಗಲ್ಲ ಅಂತಾನಾ? ನಾನೇ ಓಗಿ ಏನಾರಾ ಮಾಡ್ಕೊಡ್ತೀನಿ ಬುಡಿ."

"ನೆಟ್ವರ್ಕಿನ ಮಾತಲ್ಲ ಚಲುವರಾಜು. ನಾನು ಅಳಿಸೋದಿಲ್ಲ."

ಇಡ್ಲಿ ಮುಂದಿಟ್ಟುಕೊಂಡು ಇಷ್ಟು ಧೀರವಾಗಿ ನಾನು ಹಿಂದೆಂದೂ ಮಾತಾಡಿರಲಿಲ್ಲ. ಮಾತು ಮುಗಿಯುವಷ್ಟರಲ್ಲಿ ಚಟ್ನಿ ಅಂಗಿಯ ಮೇಲಿತ್ತು. ಯಾಕೆ ಅಳಿಸುವುದಿಲ್ಲವೆಂಬುದು ಬಸ್ಸಿನಲ್ಲಿ ವಾಪಸು ಬರುವಾಗ ಸ್ಪಷ್ಟವಾಯಿತು. ನನ್ನ ತಂದೆ ದೇವಸ್ಥಾನದ ಸೇವೆಯಲ್ಲಿದ್ದವರು. ಯಾವ ದೇಶ, ಯಾವ ನದಿಯ ತೀರ, ಯಾವ ಮಾಸ, ಯಾವ ತಿಥಿ, ಯಾರ ಹೆಸರು ಎಂದು ಸಂಕಲ್ಪದಲ್ಲಿ ಹೇಳದೆ ಅವರು ಒಂದು ತುಳಸಿದಳವನ್ನೂ ಏರಿಸುತ್ತಿರಲಿಲ್ಲ. ಸರ್ವಜ್ಞನಾದ ಭಗವಂತನಿಗೆ ವಿಳಾಸ ಯಾಕೆಂದು ಚಿಕ್ಕಂದಿನಲ್ಲಿ ಗೇಲಿ ಮಾಡಿದ್ದೆ. ಈಗ ಅರ್ಥವಾಯಿತು, ಮಾಡುವವನು ಯಾರು, ಎಲ್ಲಿ ನಿಂತಿದ್ದಾನೆ ಎಂಬುದು ತಿಳಿಯದ ಕೆಲಸ ಯಾರದೋ ಕೆಲಸವಾಗಿಬಿಡುತ್ತದೆ. ಅಕ್ಕಿಹೆಬ್ಬಾಳಿನ ಬಸ್ಸು ರೈಲಿಗೆ ಕಾಯುತ್ತದೆ ಎಂಬ ಸಾಲನ್ನು ನಾನು ನಂಬಿದ್ದು, ನಾಟಿ ಮುಗಿಸಿ ಆ ಬಸ್ಸಿಗಾಗಿ ನಿಂತ ಒಬ್ಬರು ಅದನ್ನು ಬರೆದಿದ್ದರಿಂದ. ನಗುವವರಿಗೆ ಈ ನಂಬಿಕೆಯ ಅಗತ್ಯವಿಲ್ಲದಿರಬಹುದು, ಅವರು ನಮ್ಮ ಬಸ್ಸು ಹತ್ತುವವರಲ್ಲ.

ಮುಂದಿನ ವಾರ ಗಿರಿಜಮ್ಮ ಟೀಚರ ತೇಪೆ ಬಂತು. ಯಂತ್ರ ಒಂದು ತಕರಾರಿಲ್ಲದೆ ಹಚ್ಚಿತು. ಮಾತಿನ ಜಾಗದಲ್ಲಿ ಒಂದೇ ಸಾಲು: "ಸಂಜೆ ಬಸ್ಸಿನ ವೇಳೆ ತಿದ್ದುಪಡಿ." ಕ್ಷೇಮವಿಲ್ಲ, ನಾಲೆಯಿಲ್ಲ, ಕೆಮ್ಮಿನ ವಿಚಾರಣೆಯಿಲ್ಲ. ಯಾವ ದೇಶದ ಯಾವ ಪಂಡಿತನೂ ಬೆರಳಿಡಲಾಗದಷ್ಟು ನಿರ್ದುಷ್ಟವಾಗಿತ್ತು. ಚಲುವರಾಜುವೇ ಟೀಚರಿಗೆ ಫೋನು ಮಾಡಿದ್ದಾನೆಂದು ಗೊತ್ತಾಯಿತು. ನನಗೆ ಬಹಳ ನೋವಾಯಿತು, ನೋವಿನ ಹಿಂದೆಯೇ ಸಿಟ್ಟು ಬಂತು. ಹಚ್ಚಿದ್ದನ್ನು ಬಿಚ್ಚಿದೆ. "ತೇಪೆ ಅಪೂರ್ಣವಾಗಿದೆ, ಸ್ವೀಕರಿಸಲಾಗದು. ಮೇಲಿನ ಸಾಲುಗಳನ್ನು ಸೇರಿಸಿ ಮತ್ತೆ ಕಳಿಸತಕ್ಕದ್ದು" ಎಂದು ಉತ್ತರ ಬರೆದೆ. ಅದನ್ನು ನಮ್ಮ ಬಳಗಕ್ಕೆಲ್ಲ ಕಾಣುವಂತೆಯೇ ಕಳಿಸಿದೆ, ಚಲುವರಾಜುವಿಗೆ ಮೊದಲು.

ಎರಡು ದಿನ ಏನೂ ಇಲ್ಲ. ಸಂಜೆ ಬಸ್ಸಿನ ವೇಳೆ ತಪ್ಪಾಗಿಯೇ ಉಳಿದಿತ್ತು, ನನ್ನ ಹಟಕ್ಕೆ ಯಾರೋ ಸ್ಟಾಪಿನಲ್ಲಿ ಕಾಯುತ್ತಿದ್ದಾರೆಂಬ ಅಳುಕೂ ಇತ್ತು. ಆಮೇಲೆ ಬಳಗಕ್ಕೆಲ್ಲ ಸೇರಿ ಅದೇ ತೇಪೆ ಮತ್ತೆ ಬಂತು.

"ಸಾರ್, ಕ್ಷೇಮ ಎಂದು ಬರೆದರೆ ಈ ಸಲ ಸುಳ್ಳಾಗುತ್ತಿತ್ತು. ಬಲಗಣ್ಣಿಗೆ ಪೊರೆ ಬಂದಿದೆ, ಎಡಗಣ್ಣಿಗೂ ಶುರುವಾಗಿದೆ. ಬಸ್ಸಿನ ಬೋರ್ಡು ಓದಲಾಗುತ್ತಿಲ್ಲ, ಇಂಜಿನ್ನಿನ ಸದ್ದಿನಲ್ಲಿ ಗುರುತು ಹಿಡಿಯುತ್ತೇನೆ. ಆಪರೇಷನ್ನಿಗೆ ಹೆದರಿಕೆ, ಮನೆಯಲ್ಲಿ ಹೇಳಿಲ್ಲ. ಚಲುವರಾಜು ನನ್ನ ಮಾತು ತೆಗೆಯಬೇಕೆಂದ. ಅವನನ್ನು ಬೈಯಬೇಡಿ. ಆದರೆ ನಾನು ಬರೆದದ್ದನ್ನು ಅಳಿಸುವುದಾದರೆ ನನ್ನ ಹೆಸರನ್ನೂ ಅಳಿಸಿ, ತಿದ್ದಿದ ವೇಳೆಗಳನ್ನೂ ಅಳಿಸಿ. ಸ್ಟಾಪಿನಲ್ಲಿ ನಿಂತವಳು ನಾನು, ಅದನ್ನೆಲ್ಲ ಕಂಡವಳೂ ನಾನೇ. ಸಂಜೆ ಬಸ್ಸು ಈಗ ಮುಂಚೆ ಹೊರಡುತ್ತದೆ. ಕೆಮ್ಮು ಹೇಗಿದೆ?"

ನಾನು ಒಂದಕ್ಷರ ಮುಟ್ಟದೆ ಹಚ್ಚಿದೆ. ಅಕ್ಕಪಕ್ಕದ ಸಾಲುಗಳು ಹೊಂದಿದವು.

ಭಾನುವಾರ ಚಲುವರಾಜು ಮನೆಗೆ ಬಂದ. ಜಗಲಿಯ ಮೇಲೆ ಕುಳಿತು ಹೊಳೆಯ ನೀರು ವಿಚಾರಿಸಿದ. ಕಾಫಿ ಕುಡಿದ. ಅಂಗಡಿಯ ಯುಪಿಎಸ್ಸು ಕೆಟ್ಟದ್ದನ್ನು ಹೇಳಿದ, ನನ್ನ ಮನೆಯವಳ ಕೆಮ್ಮಿಗೆ ಹಿಪ್ಪಲಿ ಒಳ್ಳೆಯದೆಂದ. ತಂತ್ರಾಂಶದ ಸುದ್ದಿಯನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಿಂದಿನ ನಾನಾಗಿದ್ದರೆ ಬಂದ ಕಾರಣ ಕೇಳಿಬಿಡುತ್ತಿದ್ದೆ. ಈಗ ಸುಮ್ಮನೆ ಎದ್ದು ಅವನ ಜೊತೆ ಮೆಟ್ಟಿಲವರೆಗೆ ಹೋಗಿ ನಿಂತೆ. ಒಂದು ಚಪ್ಪಲಿ ಮೆಟ್ಟಿದ. ಇನ್ನೊಂದನ್ನು ಕಾಲಿನಲ್ಲೇ ತಡಕುತ್ತಾ, ನನ್ನ ಮುಖ ನೋಡದೆ, ಹೇಳಿದ.

"ಟೀಚರ್ ಮನೆಗೋಗಿದ್ದೆ ಮೇಷ್ಟ್ರೇ. ಬುಧವಾರ ಆಪ್ರೇಸನ್ನು, ನಾನೇ ಕರ್ಕೊಂಡೋಯ್ತೀನಿ. ಅವ್ರು ಬರ್ದಿರದೆಲ್ಲ ಅಂಗೇ ಇರ್ಲಿ ಬುಡಿ. ಇನ್ನೆರಡು ತಿಂಗ್ಳು ಆ ಕಡೆ ಬಸ್ಸು ನಾನ್ ನೋಡ್ಕತೀನಿ, ಇಮೇಲ್ನಲ್ಲೇ ಕಳಿಸ್ತೀನಿ. ಮೇಲ್ಗಡೆ ಏನೇನ್ ಬರೀಬೇಕು ಅಂತ ಒಸಿ ಏಳ್ಕೊಡಿ."